ಬೆಳಗಿನ ಜಾವದ ಅಗ್ಗದ ವಿಮಾನ: ಯುರೋಪಿನೊಳಗೆ ಹಾರುವವರಿಗೆ ಹಿಂದಿನ ರಾತ್ರಿಯ ಲೆಕ್ಕ

ಬರ್ಲಿನ್‌ನಿಂದ ಮಿಲಾನ್‌ಗೋ, ಪ್ಯಾರಿಸ್‌ನಿಂದ ಪೋರ್ಟೊಗೋ ಟಿಕೆಟ್ ಹುಡುಕಿ ನೋಡಿ. ಬೆಳಗ್ಗೆ 6 ಗಂಟೆಯ ಆಸುಪಾಸಿನ ವಿಮಾನ ಎಷ್ಟೋ ಸಲ ಪಟ್ಟಿಯ ತಲೆಗೇ ಕೂತಿರುತ್ತದೆ, ಅಗ್ಗದ ದರದ ಜೊತೆ. ಆ ಹೊತ್ತಿಗೆ ಏಳಲು ಯಾರಿಗೂ ಇಷ್ಟವಿಲ್ಲ, ಅದಕ್ಕೇ ಅಗ್ಗ. ವಿಮಾನ ಅದೇ, ಸೀಟೂ ಅದೇ. ಕಷ್ಟವೆಲ್ಲ ಇರುವುದು ನಿಮ್ಮ ಮನೆ ಬಾಗಿಲಿನಿಂದ ವಿಮಾನದ ಗೇಟಿನ ತನಕ. ಆ ಮೂರು ಗಂಟೆಗಳ ಲೆಕ್ಕವನ್ನು ಟಿಕೆಟ್ ಕೊಳ್ಳುವ ಮೊದಲೇ ಹಾಕಿದರೆ ಈ ವಿಮಾನದಷ್ಟು ಒಳ್ಳೆಯದು ಇನ್ನೊಂದಿಲ್ಲ. ಹಾಕದಿದ್ದರೆ 25 ಯೂರೋ ಟಿಕೆಟ್‌ಗೆ 60 ಯೂರೋ ಟ್ಯಾಕ್ಸಿ ಕೊಡುತ್ತೀರಿ.

ಉದಾಹರಣೆಗೆ ಬರ್ಲಿನ್‌ನಿಂದ ಮಿಲಾನ್ ಹತ್ತಿರದ ಬೆರ್ಗಾಮೊಗೆ 6.15ಕ್ಕೆ ಹೊರಡುವ ವಿಮಾನ ಅಂತ ಇಟ್ಟುಕೊಳ್ಳೋಣ. ಬೇರೆ ಊರುಗಳ ಮಾತನ್ನು ಬೇಕಾದಲ್ಲಿ ಸೇರಿಸುತ್ತೇನೆ.

1. ಹಣ ಕಟ್ಟುವ ಮೊದಲು

ಮೊದಲು ಏರ್‌ಪೋರ್ಟ್ ಎಲ್ಲಿದೆ ಅಂತ ನೋಡಿ. ಅಗ್ಗದ ಕಂಪನಿಗಳ ಪಟ್ಟಿಯಲ್ಲಿ ಊರಿನ ಹೆಸರು ದೊಡ್ಡದಾಗಿರುತ್ತದೆ, ಏರ್‌ಪೋರ್ಟ್ ಮಾತ್ರ ದೂರದಲ್ಲಿರುತ್ತದೆ. 'ಪ್ಯಾರಿಸ್ ಬೋವೆ' ಪ್ಯಾರಿಸ್‌ನಿಂದ ಸುಮಾರು 85 ಕಿಲೋಮೀಟರ್. 'ಫ್ರಾಂಕ್‌ಫರ್ಟ್ ಹಾನ್' ಫ್ರಾಂಕ್‌ಫರ್ಟ್‌ನಿಂದ 100 ಕಿಲೋಮೀಟರ್‌ಗೂ ಜಾಸ್ತಿ. 'ಬ್ರಸೆಲ್ಸ್ ಶಾರ್ಲರುವಾ', 'ಮಿಲಾನ್ ಬೆರ್ಗಾಮೊ' ಎರಡೂ 50 ಕಿಲೋಮೀಟರ್ ಆಸುಪಾಸು. ಇಳಿಯುವಾಗ ಇದು ಸಮಸ್ಯೆಯಲ್ಲ, ಹಗಲಿನಲ್ಲಿ ಬಸ್ ಸಿಗುತ್ತದೆ. ಹೊರಡುವಾಗ ಸಮಸ್ಯೆ. ಬೆಳಗಿನ ವಿಮಾನವನ್ನು ಊರಿಗೆ ಹತ್ತಿರದ ಏರ್‌ಪೋರ್ಟ್‌ನಿಂದ ಹಿಡಿಯಿರಿ, ದೂರದ ಏರ್‌ಪೋರ್ಟ್‌ನಲ್ಲಿ ಇಳಿಯಿರಿ. ಉಲ್ಟಾ ಬೇಡ.

ಎರಡನೆಯದು, ಮೊದಲ ವಿಮಾನದ ಲಾಭ ಏನು ಅಂತ ತಿಳಿದಿರಲಿ. ಈ ಕಂಪನಿಗಳು ಒಂದೇ ವಿಮಾನವನ್ನು ದಿನವಿಡೀ ಓಡಿಸುತ್ತವೆ. ಇಳಿದು ಅರ್ಧ ಗಂಟೆಯೊಳಗೆ ಮತ್ತೆ ಹಾರಿಸುವ ಲೆಕ್ಕ ಅವರದು. ಮಧ್ಯಾಹ್ನ ಎಲ್ಲೋ ಆದ 20 ನಿಮಿಷದ ತಡ ರಾತ್ರಿಯ ಹೊತ್ತಿಗೆ ಒಂದೂವರೆ ಗಂಟೆ ಆಗಿರುತ್ತದೆ. ಬೆಳಗಿನ ವಿಮಾನ ರಾತ್ರಿಯೆಲ್ಲ ಅಲ್ಲೇ ನಿಂತಿರುತ್ತದೆ, ಹಿಂದಿನ ತಡ ಅದಕ್ಕೆ ಅಂಟುವುದು ಕಡಿಮೆ. ಮಧ್ಯಾಹ್ನಕ್ಕೆ ಮದುವೆಯೋ ಇಂಟರ್‌ವ್ಯೂವೋ ಇದ್ದರೆ ನಾನಂತೂ ಇದನ್ನೇ ಆರಿಸುತ್ತೇನೆ. ಒಂದು ತೊಡಕಿದೆ. ನವೆಂಬರ್‌ನಿಂದ ಜನವರಿ ತನಕ ಉತ್ತರ ಇಟಲಿಯ ಪೋ ಬಯಲಿನಲ್ಲಿ, ಅಂದರೆ ಮಿಲಾನ್, ಬೆರ್ಗಾಮೊ ಕಡೆ, ಬೆಳಗಿನ ಮಂಜು ದಟ್ಟವಾಗಿ ಕೂರುತ್ತದೆ. ಜರ್ಮನಿ ಮತ್ತು ಅದರ ಉತ್ತರದ ದೇಶಗಳಲ್ಲಿ ರಾತ್ರಿ ರೆಕ್ಕೆಯ ಮೇಲೆ ಕಟ್ಟಿದ ಹಿಮವನ್ನು ತೊಳೆಯದೆ ವಿಮಾನ ಬಿಡುವುದಿಲ್ಲ. ಚಳಿಗಾಲದಲ್ಲಿ ಈ ತಡಕ್ಕೆ ಸಿದ್ಧರಿರಿ.

ಇಟಲಿಯ ಮುಷ್ಕರಗಳ ಬಗ್ಗೆ ಒಂದು ಮಾತು. ಅಲ್ಲಿ ವಿಮಾನ ಸಿಬ್ಬಂದಿ ಮುಷ್ಕರ ಹೂಡಿದರೂ ಬೆಳಗ್ಗೆ 7ರಿಂದ 10, ಸಂಜೆ 6ರಿಂದ 9ರ ನಡುವಿನ ವಿಮಾನಗಳು ಹೊರಡಲೇಬೇಕು ಅನ್ನುವ ನಿಯಮ ಇದೆ. 6.30ರ ವಿಮಾನ ಈ ರಕ್ಷಣೆಯ ಹೊರಗೆ, 7.10ರದ್ದು ಒಳಗೆ. ಇಟಲಿಯಿಂದ ವಾಪಸ್ ಬರುವ ದಿನ ಮುಷ್ಕರ ಘೋಷಣೆ ಆಗಿದ್ದರೆ ಆ ನಲವತ್ತು ನಿಮಿಷಕ್ಕೆ ತುಂಬಾ ಬೆಲೆ.

ಬುಕ್ ಮಾಡುವಾಗ ಕಂಪನಿಯ ಸೈಟಿನಲ್ಲೇ ನೇರವಾಗಿ ಮಾಡಿ. ಮಧ್ಯದ ಏಜೆಂಟ್ ಸೈಟುಗಳು ನಾಲ್ಕು ಯೂರೋ ಉಳಿಸಿ, ಚೆಕ್-ಇನ್ ಹೊತ್ತಿಗೆ ಇಮೇಲ್ ವಿಳಾಸ ಹೊಂದದೆ ನಿಮ್ಮ ನಿದ್ದೆ ಕೆಡಿಸುತ್ತವೆ. ಭಾರತದ ಕಾರ್ಡ್ ಇದ್ದರೆ ಕೊನೆಯ ಪುಟದಲ್ಲಿ 'ರೂಪಾಯಿಯಲ್ಲಿ ಕಟ್ಟಿ' ಅಂತ ಆಸೆ ತೋರಿಸುತ್ತದೆ. ಅದು ಸಾಮಾನ್ಯವಾಗಿ ಅವರಿಗೆ ಲಾಭದ ದರ. ಯೂರೋದಲ್ಲೇ ಕಟ್ಟಿ.

ಹೆಸರಿನ ವಿಷಯ ನಮ್ಮವರಿಗೇ ಹೆಚ್ಚು ಕಾಡುತ್ತದೆ. ಎಷ್ಟೋ ಕನ್ನಡಿಗರ ಪಾಸ್‌ಪೋರ್ಟ್‌ನಲ್ಲಿ ಸರ್‌ನೇಮ್ ಜಾಗ ಖಾಲಿ. ಇನ್ನು ಕೆಲವರದು ಬರೀ ಇನಿಶಿಯಲ್. ಫಾರಂ ಮಾತ್ರ ಎರಡೂ ತುಂಬು ಅಂತ ಹಟ ಹಿಡಿಯುತ್ತದೆ. ಅಪ್ಪನ ಹೆಸರನ್ನೋ ಊರಿನ ಹೆಸರನ್ನೋ ಸುಮ್ನೆ ತುಂಬಬೇಡಿ. ಕೆಲವು ಕಂಪನಿಗಳು ಒಂದೇ ಹೆಸರಿದ್ದವರು ಅದನ್ನೇ ಎರಡೂ ಕಡೆ ಹಾಕಲಿ ಅನ್ನುತ್ತವೆ. ನಿಮ್ಮ ಕಂಪನಿಯ ಸಹಾಯದ ಪುಟದಲ್ಲಿ ಏನಿದೆ ಅಂತ ನೋಡಿ ಹಾಗೇ ಮಾಡಿ. ಬೆಳಗ್ಗೆ 4.30ಕ್ಕೆ ಕೌಂಟರಿನಲ್ಲಿ ಹೆಸರು ತಿದ್ದಿಸುವ ಖರ್ಚು ಟಿಕೆಟ್ಟಿನ ದರವನ್ನೇ ಮೀರಬಹುದು.

2. ಏರ್‌ಪೋರ್ಟ್‌ಗೆ ದಾರಿ: ಹಿಂದಿನಿಂದ ಎಣಿಸಿ

ಎಲ್ಲಕ್ಕಿಂತ ಮುಖ್ಯ ಇದು. ಹೊರಡುವ ಸಮಯದಿಂದ ಶುರು ಮಾಡಬೇಡಿ, ಗೇಟ್ ಮುಚ್ಚುವ ಸಮಯದಿಂದ ಹಿಂದಕ್ಕೆ ಎಣಿಸಿ. ಅಗ್ಗದ ಕಂಪನಿಗಳಲ್ಲಿ ರಯನ್‌ಏರ್ ಗೇಟ್ ಮುಚ್ಚುವುದು ಹೊರಡಲು 20 ನಿಮಿಷ ಇರುವಾಗ. ಈಝಿಜೆಟ್‌ನದು 30 ನಿಮಿಷ. 6.15ರ ವಿಮಾನ ಅಂದರೆ ನಿಮ್ಮ ಪಾಲಿಗೆ ಅದು 5.55 ಅಥವಾ 5.45ರ ವಿಮಾನ. ಗೇಟಿಗೆ ನಡೆಯಲು 15 ನಿಮಿಷ. ಸೆಕ್ಯೂರಿಟಿಗೆ ಮುಕ್ಕಾಲು ಗಂಟೆ ಇಟ್ಟುಕೊಳ್ಳಿ. ಬೆಳಗ್ಗೆ ಯಾರಿರುತ್ತಾರೆ ಅಂದುಕೊಳ್ಳಬೇಡಿ. ಅಲ್ಲಿ ರಾತ್ರಿ ನಿಂತಿದ್ದ ವಿಮಾನಗಳೆಲ್ಲ 6ರಿಂದ 7ರೊಳಗೆ ಹೊರಡುತ್ತವೆ. ಬರ್ಲಿನ್, ಫ್ರಾಂಕ್‌ಫರ್ಟ್‌ನಂಥ ಕಡೆ ರಾತ್ರಿ ಹಾರಾಟಕ್ಕೆ 5 ಗಂಟೆ ತನಕ ನಿಷೇಧವೂ ಇರುವುದರಿಂದ ಎಲ್ಲರೂ ಒಟ್ಟಿಗೇ ಬರುತ್ತಾರೆ. ದಿನದ ಉದ್ದ ಸಾಲುಗಳಲ್ಲಿ ಇದೂ ಒಂದು. ಭಾರತದ ಪಾಸ್‌ಪೋರ್ಟ್ ಇದ್ದವರಿಗೆ ದಾಖಲೆ ನೋಡಿಸುವ ಕೆಲಸವೂ ಇರಬಹುದು, ಅದಕ್ಕೆ 20 ನಿಮಿಷ. ಹಾಗಾಗಿ 4.20ರ ಹೊತ್ತಿಗೆ ಏರ್‌ಪೋರ್ಟಿನ ಬಾಗಿಲಲ್ಲಿ ಇರಬೇಕು.

ಈಗ ಅಸಲಿ ಪ್ರಶ್ನೆ. 4.20ಕ್ಕೆ ಅಲ್ಲಿಗೆ ತಲುಪಿಸುವ ಬಂಡಿ ಯಾವುದು?

ಬರ್ಲಿನ್‌ನಲ್ಲಿ ಉತ್ತರ ವಾರದ ಮೇಲೆ ನಿಂತಿದೆ. ಶುಕ್ರವಾರ, ಶನಿವಾರ ರಾತ್ರಿ ಎಸ್-ಬಾನ್ (ನಗರದ ಲೋಕಲ್ ರೈಲು), ಯು-ಬಾನ್ (ಮೆಟ್ರೋ) ರಾತ್ರಿಯಿಡೀ ಓಡುತ್ತವೆ. ಉಳಿದ ದಿನ ನಡುರಾತ್ರಿ ಕಳೆದ ಮೇಲೆ ನಿಂತು, 4 ಗಂಟೆ ಹೊತ್ತಿಗೆ ಮತ್ತೆ ಶುರು. ಆ ನಡುವೆ ಇರುವುದು ರಾತ್ರಿ ಬಸ್. ಎನ್7 ಬಸ್ ಏರ್‌ಪೋರ್ಟ್ ತನಕ ಹೋಗುತ್ತದೆ. ಟಿಕೆಟ್ ಎ, ಬಿ, ಸಿ ಮೂರೂ ವಲಯದ್ದು ಬೇಕು, ಏರ್‌ಪೋರ್ಟ್ ಇರುವುದು ಸಿ ವಲಯದಲ್ಲಿ. ಡಾಯ್ಚ್‌ಲಾಂಡ್ ಟಿಕೆಟ್, ಅಂದರೆ ಜರ್ಮನಿಯ ಲೋಕಲ್ ಬಸ್ಸು ರೈಲುಗಳಿಗೆಲ್ಲ ನಡೆಯುವ ತಿಂಗಳ ಪಾಸ್, ಇದ್ದವರಿಗೆ ಆ ಚಿಂತೆ ಇಲ್ಲ, ಏರ್‌ಪೋರ್ಟ್ ಎಕ್ಸ್‌ಪ್ರೆಸ್‌ನಲ್ಲೂ ಅದು ನಡೆಯುತ್ತದೆ.

ಪ್ಯಾರಿಸ್‌ನಲ್ಲಿ ಶಾರ್ಲ್ ದ ಗಾಲ್ ಏರ್‌ಪೋರ್ಟ್‌ಗೆ ಹೋಗುವ ಆರ್‌ಇಆರ್ ಬಿ ರೈಲು ಶುರುವಾಗುವುದೇ 5 ಗಂಟೆ ಆಸುಪಾಸಿಗೆ. 6.30ರ ವಿಮಾನಕ್ಕೆ ಅದು ಸಾಲದು. ಗಾರ್ ದ ಲೆಸ್ಟ್ ರೈಲು ನಿಲ್ದಾಣದಿಂದ ಎನ್140, ಎನ್143 ಅನ್ನುವ ನಾಕ್ಟಿಲಿಯಾನ್ ರಾತ್ರಿ ಬಸ್‌ಗಳಿವೆ. ಆಮ್‌ಸ್ಟರ್‌ಡಾಮ್ ಈ ವಿಷಯದಲ್ಲಿ ಪುಣ್ಯದ ಊರು, ಅಲ್ಲಿನ ಸ್ಕಿಪೋಲ್ ಏರ್‌ಪೋರ್ಟ್‌ಗೆ ರಾತ್ರಿಯೂ ರೈಲು ಇದೆ. ಲಂಡನ್‌ನಿಂದ ಸ್ಟಾನ್‌ಸ್ಟೆಡ್ ಏರ್‌ಪೋರ್ಟ್‌ಗೆ ರಾತ್ರಿಯ ಕೋಚ್ ಬಸ್‌ಗಳನ್ನು ನೋಡಿ, ರೈಲನ್ನು ನೆಚ್ಚಬೇಡಿ.

ಹುಡುಕುವಾಗ ಆಪ್‌ನಲ್ಲಿ ಅದೇ ತಾರೀಖು, ಅದೇ ಬೆಳಗಿನ ಹೊತ್ತು ಹಾಕಿ ನೋಡಿ. ಇವತ್ತು ಮಧ್ಯಾಹ್ನದ ಫಲಿತಾಂಶ ನಂಬಿ ಹೋದರೆ ಕೆಟ್ಟಿರಿ. ಭಾನುವಾರ, ಹಬ್ಬದ ದಿನ ಮೊದಲ ಬಂಡಿ ಇನ್ನೂ ತಡ. ರಾತ್ರಿ ಹೊತ್ತು ಹಳಿ ರಿಪೇರಿ ಮಾಡುವುದೂ ಈ ದೇಶಗಳಲ್ಲಿ ಮಾಮೂಲು. ಮತ್ತೆ, ತಲುಪಿಸುವ ಕೊನೆಯ ಬಂಡಿಯನ್ನು ಆರಿಸಬೇಡಿ, ಅದರ ಹಿಂದಿನದನ್ನು ಹಿಡಿಯಿರಿ. ಒಂದು ಬಂಡಿ ರದ್ದಾದರೂ ವಿಮಾನ ಉಳಿಯಬೇಕು.

ಬಂಡಿಯೇ ಇಲ್ಲದಿದ್ದರೆ ಮೂರು ದಾರಿ. ಟ್ಯಾಕ್ಸಿ, ಹಿಂದಿನ ರಾತ್ರಿಯೇ ಏರ್‌ಪೋರ್ಟ್ ಹತ್ತಿರದ ಹೋಟೆಲ್, ಅಥವಾ ಏರ್‌ಪೋರ್ಟ್ ಬೆಂಚಿನ ಮೇಲೆ ರಾತ್ರಿ. ನಾಲ್ಕು ಜನ ಇದ್ದರೆ ಟ್ಯಾಕ್ಸಿ ನಿಜಕ್ಕೂ ದುಬಾರಿಯಲ್ಲ, ತಲೆಗೆ ಹಂಚಿ ನೋಡಿ. ಒಬ್ಬರೇ ಆದರೆ ಟ್ಯಾಕ್ಸಿ ದುಡ್ಡನ್ನು ಟಿಕೆಟ್ಟಿಗೆ ಸೇರಿಸಿ 10 ಗಂಟೆಯ ವಿಮಾನದ ದರದೊಂದಿಗೆ ಹೋಲಿಸಿ. ಎಷ್ಟೋ ಸಲ ಆ 10 ಗಂಟೆಯದ್ದೇ ಅಗ್ಗ. ಬೆಂಚಿನ ಮೇಲೆ ಮಲಗುವುದು ವಿದ್ಯಾರ್ಥಿಗಳ ಹಳೇ ಉಪಾಯ, ತಪ್ಪೇನಲ್ಲ. ಆದರೆ ಸಣ್ಣ ಏರ್‌ಪೋರ್ಟ್‌ಗಳು ರಾತ್ರಿ ಬೀಗ ಹಾಕುತ್ತವೆ. ಬೋವೆಯಲ್ಲಿ ಹಾಗೇ. ಜನವರಿಯ ಚಳಿಯಲ್ಲಿ ಹೊರಗೆ ನಿಲ್ಲುವ ಪಾಡು ಬೇಡ, ಮೊದಲೇ ವಿಚಾರಿಸಿ. ಅಪ್ಪ ಅಮ್ಮ ಊರಿಂದ ಬಂದಿದ್ದರೆ ಇದನ್ನು ಯೋಚಿಸಲೂ ಬೇಡಿ. ಹೋಟೆಲ್ ಮಾಡಿ.

ಗಡಿಯಾರದ ಒಂದು ಕೀಟಲೆಯೂ ಇದೆ. ಮಾರ್ಚ್ ಕೊನೆಯ ಭಾನುವಾರ ಬೆಳಗಿನ ಜಾವ ಯುರೋಪಿನ ಗಡಿಯಾರ ಒಂದು ಗಂಟೆ ಮುಂದೆ ಹಾರುತ್ತದೆ. ಬರ್ಲಿನ್‌ನಲ್ಲಿ 2 ಆಗುತ್ತಲೇ 3. ಫೋನ್ ತಾನೇ ಬದಲಾಗುತ್ತದೆ, ಗೋಡೆ ಗಡಿಯಾರ, ಓವನ್ ಗಡಿಯಾರ ಬದಲಾಗುವುದಿಲ್ಲ. ಆ ಭಾನುವಾರದ 6.15ರ ವಿಮಾನಕ್ಕೆ ನಿಮ್ಮ ನಿದ್ದೆಯಲ್ಲಿ ಒಂದು ಗಂಟೆ ಖೋತಾ. ಅಕ್ಟೋಬರ್ ಕೊನೆಯ ಭಾನುವಾರ ಆ ಗಂಟೆ ವಾಪಸ್ ಸಿಗುತ್ತದೆ.

3. ಪಾಸ್‌ಪೋರ್ಟ್, ವೀಸಾ, ಕಾರ್ಡ್

ಬರ್ಲಿನ್‌ನಿಂದ ಬೆರ್ಗಾಮೊಗೆ ಹೋದರೆ ಪಾಸ್‌ಪೋರ್ಟ್ ಠಸ್ಸೆ ಇಲ್ಲ, ಎರಡೂ ಷೆಂಗೆನ್ ಒಳಗೆ, ಅಂದರೆ ಒಂದೇ ವೀಸಾ ನಡೆಯುವ ಯುರೋಪಿನ ದೇಶಗಳ ಗುಂಪಿನೊಳಗೆ. ಹಾಗಂತ ಪಾಸ್‌ಪೋರ್ಟ್ ಮನೆಯಲ್ಲಿ ಬಿಡಬೇಡಿ. ಕಂಪನಿಯವರು ಕೇಳಬಹುದು, ಇಳಿದಲ್ಲಿ ಪೊಲೀಸರೂ ಕೇಳಬಹುದು. ಜರ್ಮನಿಯ ನಿವಾಸ ಕಾರ್ಡ್ ಒಂದೇ ಸಾಲದು, ಪಾಸ್‌ಪೋರ್ಟ್ ಜೊತೆಗಿದ್ದರೇ ಅದಕ್ಕೆ ಬೆಲೆ. ಫೋಟೋ, ಜೆರಾಕ್ಸ್ ನಡೆಯುವುದಿಲ್ಲ.

ರಯನ್‌ಏರ್‌ನಲ್ಲಿ ಯುರೋಪಿನವರಲ್ಲದವರಿಗೆ ಒಂದು ಹೆಜ್ಜೆ ಜಾಸ್ತಿ. ಸೆಕ್ಯೂರಿಟಿಗೆ ಹೋಗುವ ಮೊದಲು ಅವರ ದಾಖಲೆ ಪರಿಶೀಲನೆಯ ಕೌಂಟರಿಗೆ ಹೋಗಿ ಪಾಸ್‌ಪೋರ್ಟ್, ವೀಸಾ ತೋರಿಸಬೇಕು. ಕೈಚೀಲ ಒಂದೇ ಇದ್ದರೂ ಇದು ತಪ್ಪುವುದಿಲ್ಲ. ಜೊತೆಗಿರುವ ಜರ್ಮನ್ ಗೆಳೆಯರು ನೇರ ಒಳಗೆ ನಡೆದಾಗ ಅವರ ಹಿಂದೆಯೇ ಹೋಗಿಬಿಡುವುದು ಸುಲಭ. ಗೇಟಿನಲ್ಲಿ ನಿಲ್ಲಿಸಿದರೆ ವಾಪಸ್ ಓಡಲು ಹೊತ್ತಿರುವುದಿಲ್ಲ.

ದೊಡ್ಡ ಗುಂಡಿ ಇರುವುದು ಪ್ರವಾಸಿ ವೀಸಾದಲ್ಲಿ. ಬ್ರಿಟನ್, ಐರ್ಲೆಂಡ್, ಸೈಪ್ರಸ್ ಷೆಂಗೆನ್‌ನಲ್ಲಿ ಇಲ್ಲ. ಕ್ರೊಯೇಷಿಯಾ 2023ರ ಜನವರಿ 1ರಿಂದ ಒಳಗಿದೆ. ರೊಮೇನಿಯಾ, ಬಲ್ಗೇರಿಯಾ ವಿಮಾನಯಾನದ ಮಟ್ಟಿಗೆ 2024ರ ಮಾರ್ಚ್ 31ರಿಂದ ಸೇರಿವೆ. ಈಗ ಅಪ್ಪ ಅಮ್ಮನಿಗೆ ಒಂದೇ ಪ್ರವೇಶದ ಷೆಂಗೆನ್ ವೀಸಾ ಇದೆ ಅಂತ ಇಟ್ಟುಕೊಳ್ಳಿ. ಪ್ಯಾರಿಸ್ ನೋಡಿ, ಬ್ರಿಟನ್ ವೀಸಾ ಇದೆ ಅಂತ ಎರಡು ದಿನ ಲಂಡನ್‌ಗೆ ಹೋದರೆ, ಮತ್ತೆ ಪ್ಯಾರಿಸ್‌ಗೆ ಬರುವ ಹಾಗಿಲ್ಲ. ಆ ವೀಸಾ ಅಲ್ಲಿಗೇ ಮುಗಿಯಿತು. ವೀಸಾದಲ್ಲಿ ಎಷ್ಟು ಪ್ರವೇಶ ಅಂತ ಬರೆದಿರುತ್ತದೆ, ಟಿಕೆಟ್ ಮಾಡುವ ಮೊದಲು ಅದನ್ನು ಓದಿ.

ಷೆಂಗೆನ್ ದಾಟುವ ವಿಮಾನವಾದರೆ ಸೆಕ್ಯೂರಿಟಿ ಆದ ಮೇಲೆ ಪಾಸ್‌ಪೋರ್ಟ್ ಸಾಲು ಬೇರೆ ಇದೆ. 2025ರ ಅಕ್ಟೋಬರ್ 12ರಿಂದ ಶುರುವಾದ ಹೊಸ ಪ್ರವೇಶ-ನಿರ್ಗಮನ ವ್ಯವಸ್ಥೆಯಲ್ಲಿ ಪ್ರವಾಸಿ ವೀಸಾದವರ ವಿವರ ಕಂಪ್ಯೂಟರಿಗೆ ಸೇರುತ್ತದೆ, ಸಾಲು ನಿಧಾನ. ನಿವಾಸ ಕಾರ್ಡ್ ಇದ್ದವರಿಗೆ ಅದು ಅನ್ವಯಿಸುವುದಿಲ್ಲ. ಲೆಕ್ಕಕ್ಕೆ ಇನ್ನೊಂದು ಅರ್ಧ ಗಂಟೆ ಸೇರಿಸಿ.

4. ಬ್ಯಾಗ್

ದರದಲ್ಲಿ ಸೇರಿರುವುದು ಸೀಟಿನ ಕೆಳಗೆ ಹೋಗುವ ಒಂದು ಚಿಕ್ಕ ಬ್ಯಾಗ್ ಮಾತ್ರ. ರಯನ್‌ಏರ್, ವಿಝ್‌ಏರ್‌ನಲ್ಲಿ 40 x 30 x 20 ಸೆಂಟಿಮೀಟರ್. ಈಝಿಜೆಟ್‌ನಲ್ಲಿ 45 x 36 x 20. ಚಕ್ರ, ಹಿಡಿಕೆ ಎಲ್ಲ ಸೇರಿದ ಅಳತೆ. ಶಾಲೆ ಮಕ್ಕಳ ಬ್ಯಾಗ್‌ನಂಥ ಮೆತ್ತನೆಯದು ಇದ್ದರೆ ಒತ್ತಿ ಕೂರಿಸಬಹುದು, ಗಟ್ಟಿ ಸೂಟ್‌ಕೇಸ್ ಇಲ್ಲಿ ವೈರಿ. ದೊಡ್ಡದು ಬೇಕಾದರೆ ಬುಕ್ ಮಾಡುವಾಗಲೇ ದುಡ್ಡು ಕಟ್ಟಿ. ಗೇಟಿನಲ್ಲಿ ಕೇಳುವ ದಂಡ ಎಷ್ಟೋ ಸಲ ಟಿಕೆಟ್‌ಗಿಂತ ಜಾಸ್ತಿ.

ಬೆಳಗಿನ ವಿಮಾನಕ್ಕೆ ಚೆಕ್-ಇನ್ ಬ್ಯಾಗ್ ಹಾಕದೇ ಹೋಗುವುದು ಒಳ್ಳೆಯದು. ಬ್ಯಾಗ್ ಕೊಡುವ ಸಾಲಿಗೆ ಇನ್ನರ್ಧ ಗಂಟೆ ಬೇಕು, ಅಂದರೆ ಇನ್ನೂ ಮುಂಚಿನ ಬಸ್. ಚಳಿಗಾಲದ ಕೋಟು, ಬೂಟು ಮೈಮೇಲೇ ಇರಲಿ. ಪವರ್ ಬ್ಯಾಂಕ್ ಕೈಚೀಲದಲ್ಲಿ ಮಾತ್ರ.

ತಿಂಡಿ ಕಟ್ಟಿಕೊಂಡು ಹೋಗಿ. ಆ ಹೊತ್ತಿಗೆ ಅಂಗಡಿ ತೆರೆದಿದ್ದರೂ ಒಣ ಬನ್ನಿಗೆ ಏಳೆಂಟು ಯೂರೋ. ಚಪಾತಿ ಸುರುಳಿ, ಇಡ್ಲಿ, ಅವಲಕ್ಕಿ ಏನೂ ತೊಂದರೆ ಇಲ್ಲ. ಚಟ್ನಿಪುಡಿ ಸರಿ. ಚಟ್ನಿ, ಉಪ್ಪಿನಕಾಯಿ, ಮೊಸರು, ತುಪ್ಪ ಇವೆಲ್ಲ ದ್ರವದ ಲೆಕ್ಕಕ್ಕೆ ಸೇರುತ್ತವೆ. 100 ಮಿಲಿಲೀಟರ್ ಮೀರಿದ ಡಬ್ಬಿ ಕಸದ ಬುಟ್ಟಿಗೆ, ಅರ್ಧ ಖಾಲಿ ಇದ್ದರೂ ಸರಿ. ಮೊಸರನ್ನವನ್ನು ಯಾವ ಗುಂಪಿಗೆ ಸೇರಿಸುವುದು ಅನ್ನುವ ಚರ್ಚೆಯನ್ನು ಬೆಳಗ್ಗೆ 4.45ಕ್ಕೆ ಜರ್ಮನ್ ಅಧಿಕಾರಿಯ ಜೊತೆ ಮಾಡಬೇಡಿ. ಕೆಲವು ಏರ್‌ಪೋರ್ಟ್‌ಗಳಲ್ಲಿ ಹೊಸ ಸ್ಕ್ಯಾನರ್ ಬಂದು ಈ ನಿಯಮ ಸಡಿಲವಾಗಿದೆ. ಹೋಗುವ ಕಡೆ ಸಡಿಲ ಇದ್ದು ವಾಪಸ್ ಬರುವ ಕಡೆ ಬಿಗಿ ಇರಬಹುದು, ಅಲ್ವಾ? 100ರ ಲೆಕ್ಕದಲ್ಲೇ ಕಟ್ಟಿ. ನೀರಿಗೆ ಖಾಲಿ ಬಾಟಲಿ ಒಯ್ಯಿರಿ, ಒಳಗೆ ನಲ್ಲಿ ಇರುತ್ತದೆ. ಇನ್ನು ಲಂಡನ್‌ನಿಂದ ಯುರೋಪಿಗೆ ಬರುವವರು ತುಪ್ಪ, ಪೇಡ ತರುವ ಹಾಗಿಲ್ಲ. ಹಾಲಿನ ಪದಾರ್ಥ ಗಡಿ ದಾಟಬಾರದು.

5. ಹಿಂದಿನ ಸಂಜೆ

ಆನ್‌ಲೈನ್ ಚೆಕ್-ಇನ್ ಸಂಜೆಯೇ ಮುಗಿಸಿ. ಸೀಟಿಗೆ ದುಡ್ಡು ಕೊಡದಿದ್ದರೆ ರಯನ್‌ಏರ್, ವಿಝ್‌ಏರ್‌ನಲ್ಲಿ 24 ಗಂಟೆ ಮೊದಲು ತೆರೆಯುತ್ತದೆ. ರಯನ್‌ಏರ್‌ನಲ್ಲಿ ಹೊರಡಲು 2 ಗಂಟೆ ಇರುವಾಗ ಮುಚ್ಚುತ್ತದೆ. 6.15ಕ್ಕೆ ವಿಮಾನ ಅಂದರೆ 4.15ರೊಳಗೆ. ಬಸ್ಸಿನಲ್ಲಿ ಕೂತು ಮಾಡೋಣ ಅಂದರೆ ಹೊತ್ತು ಮೀರಿಬಿಡಬಹುದು, ಕೌಂಟರಿನಲ್ಲಿ ಮಾಡಿಸಿದರೆ ದಂಡ. 2025ರ ನವೆಂಬರ್ 12ರಿಂದ ಅವರು ಕಾಗದದ ಬೋರ್ಡಿಂಗ್ ಪಾಸ್ ಬಿಟ್ಟು ಆಪ್‌ಗೆ ಹೋಗಿದ್ದಾರೆ, ಆದ್ದರಿಂದ ಫೋನ್ ಚಾರ್ಜ್ ಇರಲೇಬೇಕು.

ಬರ್ಲಿನ್ ಏರ್‌ಪೋರ್ಟ್‌ನಲ್ಲಿ ಸೆಕ್ಯೂರಿಟಿಗೆ ಉಚಿತವಾಗಿ ಸಮಯ ಕಾದಿರಿಸುವ ಸೌಲಭ್ಯ ಇದೆ. 'ಬಿಇಆರ್ ರನ್‌ವೇ' ಅಂತ ಹೆಸರು. ಹೊತ್ತು ಸಿಕ್ಕರೆ ಹಿಡಿದಿಡಿ. ಟರ್ಮಿನಲ್ ಒಂದೋ ಎರಡೋ ಅಂತಲೂ ಈಗಲೇ ನೋಡಿ.

ಎರಡು ಅಲಾರಂ ಇಡಿ, ಒಂದು ಕೈಗೆ ಸಿಗದಷ್ಟು ದೂರದಲ್ಲಿ. ಹಾಕುವ ಬಟ್ಟೆ, ಪಾಸ್‌ಪೋರ್ಟ್, ಕೀ ಬಾಗಿಲ ಹತ್ತಿರ. ಜರ್ಮನಿಯ ಅಪಾರ್ಟ್‌ಮೆಂಟ್‌ನಲ್ಲಿ ಬೆಳಗ್ಗೆ 3ಕ್ಕೆ ಮಿಕ್ಸಿ ಹಾಕಬೇಡಿ. ಮೆಟ್ಟಿಲ ಮೇಲೆ ಸೂಟ್‌ಕೇಸ್ ಎಳೆಯಬೇಡಿ, ಎತ್ತಿಕೊಂಡು ಹೋಗಿ. ವಾಪಸ್ ಬಂದ ಮೇಲೂ ಪಕ್ಕದ ಮನೆಯವರ ಮುಖ ನೋಡಬೇಕಲ್ಲ.

6. ಏರ್‌ಪೋರ್ಟ್‌ನಲ್ಲಿ, ವಿಮಾನದಲ್ಲಿ

ಮೊದಲು ದಾಖಲೆ ಕೌಂಟರ್, ಆಮೇಲೆ ಸೆಕ್ಯೂರಿಟಿ, ಆಮೇಲೆ ಗೇಟ್. ಕಾಫಿ ಗೇಟಿನ ಹತ್ತಿರ ಕುಡಿಯಿರಿ, ದಾರಿಯಲ್ಲಿ ಅಲ್ಲ. ಗೇಟ್ ನಂಬರ್ ಕೊನೆಗೆ ಬದಲಾಗುವುದುಂಟು, ಬೋರ್ಡ್ ನೋಡುತ್ತಿರಿ. ಹೊರಗೆ ನಡೆದು ಮೆಟ್ಟಿಲು ಹತ್ತಿಸುವುದೇ ಜಾಸ್ತಿ, ಕೋಟನ್ನು ಬ್ಯಾಗಿಗೆ ತುರುಕಬೇಡಿ. ಹಿಂದಿನ ಸಾಲಿನ ಸೀಟಾದರೆ ಹಿಂದಿನ ಬಾಗಿಲಿಗೆ ಹೋಗಿ. ವಿಮಾನದಲ್ಲಿ ಹೇಳುವಂಥದ್ದೇನೂ ಇಲ್ಲ. ನೀರಿಗೂ ದುಡ್ಡು. ಒಂದೂವರೆ ಗಂಟೆ ನಿದ್ದೆ ಮಾಡಿ.

7. ತಡವಾದರೆ, ರದ್ದಾದರೆ

ಯುರೋಪಿಯನ್ ಒಕ್ಕೂಟದ 261 ನಂಬರಿನ ನಿಯಮ ಇದೆ, 2004ರದ್ದು. ಒಕ್ಕೂಟದ ಏರ್‌ಪೋರ್ಟ್‌ನಿಂದ ಹೊರಡುವ ಎಲ್ಲರಿಗೂ ಅನ್ವಯ, ಪಾಸ್‌ಪೋರ್ಟ್ ಯಾವ ದೇಶದ್ದಾದರೂ. ಟಿಕೆಟ್ 20 ಯೂರೋದ್ದೇ ಆಗಿರಲಿ. 1500 ಕಿಲೋಮೀಟರ್ ಒಳಗಿನ ಹಾರಾಟಕ್ಕೆ ಹೊರಡಲು 2 ಗಂಟೆ ತಡವಾದರೆ ಊಟ, ನೀರು ಕೊಡಬೇಕು. ತಲುಪುವುದು 3 ಗಂಟೆ ಅಥವಾ ಅದಕ್ಕೂ ಹೆಚ್ಚು ತಡವಾದರೆ 250 ಯೂರೋ ಪರಿಹಾರ. ಮಂಜು, ಬಿರುಗಾಳಿ, ವಾಯು ಸಂಚಾರ ನಿಯಂತ್ರಕರ ಮುಷ್ಕರ ಕಾರಣವಾದರೆ ಪರಿಹಾರ ಇಲ್ಲ. ಊಟದ ಹಕ್ಕು ಆಗಲೂ ಇದೆ. ವಿಮಾನದ ಮಾಮೂಲು ರಿಪೇರಿ ಅಂಥ ಕಾರಣ ಅಲ್ಲ, ಹಾಗಂತ ಅವರು ಬರೆದರೂ ಒಪ್ಪಬೇಡಿ. ರದ್ದಾದರೆ ದುಡ್ಡು ವಾಪಸ್ಸೋ ಬೇರೆ ವಿಮಾನವೋ ಆಯ್ಕೆ ನಿಮ್ಮದು. ಬೋರ್ಡಿಂಗ್ ಪಾಸ್ ಸ್ಕ್ರೀನ್‌ಶಾಟ್, ತಿಂಡಿಯ ಬಿಲ್ ಇಟ್ಟುಕೊಂಡು ಕಂಪನಿಗೆ ನೇರ ಬರೆಯಿರಿ. 'ನಾವು ಕೊಡಿಸುತ್ತೇವೆ' ಅನ್ನುವ ಕಂಪನಿಗಳು ಅದರಲ್ಲಿ ದೊಡ್ಡ ಪಾಲು ಕೇಳುತ್ತವೆ.

ಊರಿಗೆ ಹೊರಟವರಿಗೆ ಒಂದು ಎಚ್ಚರಿಕೆ. ಫ್ರಾಂಕ್‌ಫರ್ಟ್, ಪ್ಯಾರಿಸ್, ಆಮ್‌ಸ್ಟರ್‌ಡಾಮ್‌ನಿಂದ ಬೆಂಗಳೂರಿಗೆ ನೇರ ವಿಮಾನ ಇದೆ ಅಂತ, ಅಲ್ಲಿಯ ತನಕ ಅಗ್ಗದ ಬೆಳಗಿನ ವಿಮಾನವನ್ನು ಬೇರೆ ಟಿಕೆಟ್‌ನಲ್ಲಿ ಹಿಡಿಯುವವರಿದ್ದಾರೆ. ಮೊದಲನೆಯದು ತಡವಾಗಿ ಬೆಂಗಳೂರಿನದು ತಪ್ಪಿದರೆ ಎರಡೂ ಕಂಪನಿಯವರು ಜವಾಬ್ದಾರರಲ್ಲ. ಸೂಟ್‌ಕೇಸ್‌ನ ತೂಕದ ಮಿತಿಯೂ ಎರಡರಲ್ಲಿ ಬೇರೆ. ಒಂದೇ ಟಿಕೆಟ್ ಮಾಡಿಸಿ, ಇಲ್ಲವೇ ಹಿಂದಿನ ದಿನವೇ ಹೋಗಿ.

8. ಇಳಿದ ಮೇಲೆ

ಬೆರ್ಗಾಮೊದಿಂದ ಮಿಲಾನೊ ಚೆಂತ್ರಾಲೆ ನಿಲ್ದಾಣಕ್ಕೆ ಬಸ್‌ಗಳು ಹೊರಗೇ ನಿಂತಿರುತ್ತವೆ, ಸುಮಾರು ಒಂದು ಗಂಟೆ. 9.30ಕ್ಕೆಲ್ಲ ಊರಲ್ಲಿರುತ್ತೀರಿ. ಹೋಟೆಲ್ ರೂಮ್ ಮಾತ್ರ ಸಾಮಾನ್ಯವಾಗಿ ಮಧ್ಯಾಹ್ನ 2 ಅಥವಾ 3ಕ್ಕೆ. ಬ್ಯಾಗ್ ಇಟ್ಟುಕೊಳ್ಳುತ್ತೀರಾ ಅಂತ ಹೋಟೆಲಿಗೆ ಮೊದಲೇ ಬರೆದು ಕೇಳಿ. ಇಲ್ಲದಿದ್ದರೆ ಚೆಂತ್ರಾಲೆಯಲ್ಲೇ ಲಗೇಜ್ ಇಡುವ ಜಾಗ ಇದೆ. ಇಟಲಿಯಲ್ಲಿ ಕಾಫಿಯನ್ನು ಕೌಂಟರಿನ ಹತ್ತಿರ ನಿಂತೇ ಕುಡಿಯಿರಿ, ಕೂತರೆ ದರ ಹೆಚ್ಚಾಗಬಹುದು. ಮೊದಲ ದಿನಕ್ಕೆ ಮ್ಯೂಸಿಯಂ ಟಿಕೆಟ್ ಕಟ್ಟಬೇಡಿ, 3 ಗಂಟೆ ಹೊತ್ತಿಗೆ ಕಣ್ಣು ಎಳೆಯುತ್ತದೆ. ಎರಡೇ ದಿನದ ಪ್ರವಾಸವಾದರೆ ವಾಪಸ್ ವಿಮಾನದ ಚೆಕ್-ಇನ್ ತೆರೆಯುವ ಹೊತ್ತಿಗೆ ಒಂದು ಅಲಾರಂ ಇಟ್ಟುಬಿಡಿ.